ಹೆಡ್ಡಿಂಗ್ ನಂಬಿದವನ ಮರುದಿನ

ನಮ್ಮ ಬಡಾವಣೆ ಸಂಘದ ವಾರ್ಷಿಕ ಸಂಚಿಕೆಯಲ್ಲಿ ನಗೆಬರಹದ ಪುಟ ನನ್ನದು. ಹಳೇ ಪೇಪರಿನ ಯಾವುದೋ ಹೆಡ್ಡಿಂಗ್ ಹಿಡಿದುಕೊಂಡು, ಅದರಿಂದ ಮುಂದೆ ಏನೇನು ಆಗಬಹುದಿತ್ತು ಅಂತ ಬರೆಯುವುದು ನನ್ನ ಚಾಳಿ. ಹೇಗೆ ಬರೀತೀರಿ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ದೊಡ್ಡ ಗುಟ್ಟೇನಿಲ್ಲ. ಪೇಪರಿನವರು ಹೇಳಿದ್ದನ್ನು ಕಣ್ಣು ಮುಚ್ಚಿ ನಂಬಬೇಕು. ಆಮೇಲೆ, ಆ ಸುದ್ದಿಗೂ ತನಗೂ ಸಂಬಂಧವೇ ಇಲ್ಲ ಅಂದುಕೊಂಡಿರುವ ಒಬ್ಬ ಮನುಷ್ಯನನ್ನು ಹುಡುಕಬೇಕು. ಮರುದಿನ ಬೆಳಿಗ್ಗೆ ಅವನಿಗೆ ಏನು ತಲೆನೋವು? ಅದನ್ನು ಬರೆದರೆ ಮುಗಿಯಿತು.

1948ರ ನವೆಂಬರ್ 3ರ ‘ಷಿಕಾಗೊ ಡೈಲಿ ಟ್ರಿಬ್ಯೂನ್’ ನೋಡಿ. ಮುಖಪುಟದಲ್ಲಿ ಇಷ್ಟು ದಪ್ಪ ಅಕ್ಷರದಲ್ಲಿ, ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಟ್ರೂಮನ್ ಸೋತರು, ಡ್ಯೂಯಿ ಗೆದ್ದರು ಅಂತ ಬಂತು. ಅಚ್ಚಿನ ಕೆಲಸದವರು ಮುಷ್ಕರ ಹೂಡಿದ್ದರು. ಪೇಪರ್ ಬೇಗ ಅಚ್ಚಿಗೆ ಹೋಗಬೇಕಿತ್ತು. ಎಣಿಕೆ ಮುಗಿಯುವ ತನಕ ಕಾಯಲು ಪುರುಸೊತ್ತಿರಲಿಲ್ಲ. ಕೊನೆಗೆ ಗೆದ್ದದ್ದು ಟ್ರೂಮನ್ನೇ, 303 ಎಲೆಕ್ಟೋರಲ್ ಮತ (ರಾಜ್ಯಗಳ ಪ್ರತಿನಿಧಿಗಳು ಹಾಕುವ ಮತ) ಪಡೆದು. ಡ್ಯೂಯಿಗೆ ಸಿಕ್ಕಿದ್ದು 189. ಸೇಂಟ್ ಲೂಯಿಸ್ ರೈಲು ನಿಲ್ದಾಣದಲ್ಲಿ ಟ್ರೂಮನ್ ಅದೇ ಪೇಪರನ್ನು ಎತ್ತಿ ಹಿಡಿದು ಹಲ್ಲು ಕಿರಿದ ಫೋಟೊ ನೀವೂ ನೋಡಿರುತ್ತೀರಿ.

ಇದನ್ನು ಕೈಗೆತ್ತಿಕೊಂಡಾಗ ಮೊದಲು ಹೊಳೆಯುವುದು ಒಂದೇ ಕುರ್ಚಿಗೆ ಇಬ್ಬರು ಅಧ್ಯಕ್ಷರ ಜಗಳ. ಸಪ್ಪೆ. ಅದು ಯಾರಿಗೆ ಬೇಕಾದರೂ ಹೊಳೆಯುತ್ತದೆ. ನಾನು ಹೀಗೆ ಹಿಡಿದೆ: ಆ ಪೇಪರ್ ಎಲ್ಲಿಯ ತನಕ ಹಂಚಿಕೆಯಾಗುತ್ತದೋ ಅಲ್ಲಿಯ ತನಕ ಡ್ಯೂಯಿ ಅಧ್ಯಕ್ಷ. ಅದರಾಚೆ ಟ್ರೂಮನ್. ಹಾಗಾದರೆ ರೈಲಿನ ಟಿಕೆಟ್ ಕಲೆಕ್ಟರ್ ಗತಿ ಏನು? ಷಿಕಾಗೊ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಅವನು ಡಬ್ಬಿಯಿಂದ ಡಬ್ಬಿಗೆ ಓಡಬೇಕು: “ಇನ್ನು ಮುಂದೆ ಟ್ರೂಮನ್ನು, ಡ್ಯೂಯಿಯವರು ಇಲ್ಲೇ ಇಳ್ಕೊಳ್ಳಿ!” ಗಡಿಯ ಹಳ್ಳಿಯಲ್ಲಿ ಪೇಪರ್ ಹಾಕುವ ಹುಡುಗ ಮಳೆ ಬಂತೆಂದು ಒಂದು ದಿನ ರಜಾ ಹಾಕಿದ. ಆ ದಿನ ಆ ಬೀದಿಗೆ ಅಧ್ಯಕ್ಷರೇ ಇಲ್ಲ. ನನ್ನ ಪ್ರಕಾರ ಈ ಹುಡುಗ ಬಂದ ಮೇಲೇ ಬರಹಕ್ಕೆ ಜೀವ ಬಂತು.

ಎಲ್ಲ ಹೆಡ್ಡಿಂಗೂ ಒಗ್ಗುವುದಿಲ್ಲ. 1903ರ ಅಕ್ಟೋಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’, ಮನುಷ್ಯ ಹಾರಬೇಕಾದರೆ ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ ಬೇಕಾದೀತು ಅಂತ ಬರೆಯಿತು. ಡಿಸೆಂಬರ್ 17ಕ್ಕೆ ರೈಟ್ ಸಹೋದರರು ಹಾರಿಯೇಬಿಟ್ಟರು. ಓದಲು ಮಜಾ ಇದೆ. ಆದರೆ ಅದನ್ನು ನಂಬಿದರೆ ಒಂದು ಕೋಟಿ ವರ್ಷ ಏನೂ ಆಗುವುದಿಲ್ಲ. ಮರುದಿನ ಬೆಳಿಗ್ಗೆ ಯಾರಿಗೂ ಕೆಲಸವಿಲ್ಲ. ನಾನೇನು ಬರೆಯಲಿ?

ಇನ್ನು ಕೆಲವು ಕಡೆ ನಿಜವೇ ನಮಗಿಂತ ಮುಂದೆ ಓಡಿರುತ್ತದೆ. 1979ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆ ಅಂತ ನಮ್ಮ ಊರುಗಳಲ್ಲೂ ಜನ ಆಕಾಶ ನೋಡಿಕೊಂಡು ಓಡಾಡಿದರಂತೆ. ಚೂರುಗಳು ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಎಸ್ಪೆರೆನ್ಸ್ ಎಂಬ ಊರಿನವರು ಕಸ ಹಾಕಿದ್ದಕ್ಕೆ ನಾಸಾಗೆ 400 ಡಾಲರ್ ದಂಡ ಬರೆದರು. ಇದಕ್ಕೆ ನಾನು ಸೇರಿಸುವುದು ಏನೂ ಉಳಿದಿಲ್ಲ, ಅಲ್ವಾ? ಪಕ್ಕಕ್ಕಿಟ್ಟೆ. 1912ರಲ್ಲಿ ಟೈಟಾನಿಕ್‌ನ ಎಲ್ಲರೂ ಪಾರಾದರು ಅಂತ ಕೆಲವು ಪೇಪರುಗಳು ಹಾಕಿದ್ದವು. ಅಂಥದ್ದನ್ನು ನಾನು ಮುಟ್ಟುವುದಿಲ್ಲ. ಸಾವಿನ ಮೇಲೆ ನಗೆ ಕಟ್ಟುವುದು ನನಗೆ ಸೇರದು.

ನನಗೆ ತುಂಬ ಇಷ್ಟವಾದದ್ದು ನಯಾ ಪೈಸೆಯ ಸುದ್ದಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆ ಹೋಗಿ 100 ನಯಾ ಪೈಸೆ ಬಂತು. (ತಾರೀಕು ಯಾರು ಆರಿಸಿದರೋ, ಅವರಿಗೆ ನಮಸ್ಕಾರ.) ಇಲ್ಲಿ ಕಲ್ಪನೆಗಿಂತ ಲೆಕ್ಕ ಮುಖ್ಯ. ಒಂದಾಣೆ ಅಂದರೆ ಆರೂಕಾಲು ನಯಾ ಪೈಸೆ. ಕಾಲು ಪೈಸೆಯ ನಾಣ್ಯ ಇಲ್ಲ. ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಅಂತ ಕೋಷ್ಟಕ ಮಾಡಿದರು. ಇದನ್ನು ಎದುರಿಗಿಟ್ಟುಕೊಂಡು ಪೆನ್ಸಿಲ್ ಹಿಡಿದೆ. ನಾಲ್ಕಾಣೆಯ ವೀಳ್ಯದೆಲೆ ಒಟ್ಟಿಗೆ ಕೊಂಡರೆ 25. ಒಂದಾಣೆಯಂತೆ ನಾಲ್ಕು ಸಲ ಕೊಂಡರೆ 24!

ಮುಂದಿನದು ತಾನಾಗಿ ಬಂತು. ನನ್ನ ಕಥೆಯ ಜಿಪುಣ ರಾಯರು ಒಂದಾಣೆ ಎಲೆ ತಗೊಂಡು ಅಂಗಡಿಯ ಮೆಟ್ಟಿಲು ಇಳಿಯುತ್ತಾರೆ. ತಿರುಗಿ ಹತ್ತುತ್ತಾರೆ. ನಾಲ್ಕು ಸಲ. “ಏನ್ ರಾಯರೇ, ಈಗ ತಾನೇ ಬಂದಿದ್ರಲ್ಲ?” ಅಂದರೆ “ಅದು ಬೇರೆ ವ್ಯಾಪಾರ ಶೆಟ್ರೇ” ಅನ್ನುತ್ತಾರೆ. ಶೆಟ್ಟರೇನು ಕಡಿಮೆಯೇ? ಮೂರಾಣೆಗೆ 19 ಬರುತ್ತದೆ, ಅಂದರೆ ತನಗೆ ಕಾಲು ಪೈಸೆ ಲಾಭ ಅಂತ ಅವರಿಗೂ ಗೊತ್ತಾಗುತ್ತದೆ. ಮೂರಾಣೆಯ ಕಟ್ಟು ಬಿಟ್ಟು ಬಿಡಿ ಎಲೆ ಕೊಡುವುದಿಲ್ಲ ಅಂತ ಬೋರ್ಡ್ ಹಾಕುತ್ತಾರೆ. ಊರು ಎರಡು ಪಕ್ಷವಾಗುತ್ತದೆ, ಒಂದಾಣೆಯವರು ಮತ್ತು ಮೂರಾಣೆಯವರು. ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವುದು ಬಿಟ್ಟು “ಅಂಗಡಿಗೆ ಎಷ್ಟು ಸಲ ಹೋಗ್ತಾನೆ?” ಅಂತ ವಿಚಾರಿಸುತ್ತಾರೆ. ರೂಪಾಯಿ ಸಾಮಾನಿಗೆ ಹದಿನಾರು ಸಲ ಹತ್ತಿಳಿದು ನಾಲ್ಕು ನಯಾ ಪೈಸೆ ಉಳಿಸುವ ಹುಡುಗ ಅಂದರೆ ಕೂಡಲೇ ನಿಶ್ಚಿತಾರ್ಥ. ಅವನ ಚಪ್ಪಲಿ ಸವೆದ ಖರ್ಚನ್ನು ಮಾವ ಕೊಡಬೇಕು ಅಂತ ಮಾತುಕತೆ ಮುರಿದು ಬೀಳುತ್ತದೆ.

ಲೆಕ್ಕ ಮಾತ್ರ ಒಂದು ಪೈಸೆಯೂ ತಪ್ಪಬಾರದು. ಹುಚ್ಚಾಟವೆಲ್ಲ ಸರಿಯಾದ ಲೆಕ್ಕದ ಮೇಲೆ ನಿಂತರೆ ಓದುವವರು ನಗುತ್ತಾರೆ. ಲೆಕ್ಕ ತಪ್ಪಿದರೆ ಬರೀ ತಪ್ಪು ಹುಡುಕುತ್ತಾರೆ.

ಅಚ್ಚಿಗೆ ಕೊಡುವ ಮೊದಲು ಇದನ್ನು ಪಕ್ಕದ ಮನೆಯ ಅಜ್ಜಿಗೆ ಓದಿ ಹೇಳಿದೆ. ಆ ಕಾಲ ಕಂಡವರು. ಎಲ್ಲಿ ನಗಬೇಕಿತ್ತೋ ಅಲ್ಲಿ ಅವರು ನಗಲಿಲ್ಲ. “ಅಷ್ಟು ಸಲ ಯಾಕ್ ಹತ್ತಿಳೀಬೇಕಪ್ಪಾ? ಮನೇಲಿ ನಾಲ್ಕು ಮಕ್ಕಳಿದ್ರೆ ಒಬ್ಬೊಬ್ರನ್ನೇ ಕಳಿಸಿದ್ರಾಯ್ತು” ಅಂದರು. ಹೌದಲ್ಲ! ಮಕ್ಕಳ ಕೈಯಲ್ಲಿ ಒಂದೊಂದು ಆಣೆ ಕೊಟ್ಟು ಬೀದಿಗೆ ಬಿಟ್ಟು, ಆ ಭಾಗ ಪೂರ್ತಿ ಹೊಸದಾಗಿ ಬರೆದೆ.