ಅಜ್ಜಿಯ ಹೆಬ್ಬೆಟ್ಟಿನಿಂದ ನಮ್ಮ ಶಾಲೆ ತುಂಬಿದ್ದು

ನಾನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷನಾದಾಗ ನಮ್ಮ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 23 ಮಕ್ಕಳಿದ್ದರು. ಈಗ 41. ಒಂದೆರಡು ಆಚೀಚೆ ಇರಬಹುದು, ಹಾಜರಿ ಪುಸ್ತಕ ಎದುರಿಗಿಲ್ಲ. ‘ಇನ್ನೆರಡು ವರ್ಷಕ್ಕೆ ಬೀಗ ಬೀಳುತ್ತೆ ಬಿಡಿ’ ಎಂದಿದ್ದ ಮಹಾಶಯರೇ ಹೋದ ಜೂನ್‌ನಲ್ಲಿ ಮೊಮ್ಮಗನನ್ನು ತಂದು ಸೇರಿಸಿದರು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಅಂತಲೇ ಇಟ್ಟುಕೊಳ್ಳಿ.

ಮೊದಲು ಹಾಳು ಮಾಡಿದ ದುಡ್ಡಿನ ಲೆಕ್ಕ. ಎಲ್ಲರಂತೆ ನಾವೂ ಗೋಡೆಗೆ ರೈಲು ಬರೆಸಿದೆವು. ಹಳೆ ವಿದ್ಯಾರ್ಥಿಗಳ ಹತ್ತಿರ ಎತ್ತಿದ್ದರಲ್ಲಿ ಸುಮಾರು 40 ಸಾವಿರ ಅದಕ್ಕೇ ಹೋಯಿತು. ಫೋಟೊ ಚೆನ್ನಾಗಿ ಬಂತು, ಮಕ್ಕಳು ಬಂದದ್ದು ಇಬ್ಬರು. ಆಮೇಲೆ ‘ಶಾಲೆಯಿಂದ ನಿಮಗೆ ಏನು ಬೇಕು?’ ಅಂತ ಹಾಳೆ ಜೆರಾಕ್ಸ್ ಮಾಡಿಸಿ ಹಂಚಿದೆ. ವಾಪಸ್ ಬಂದದ್ದು ಇಪ್ಪತ್ತೋ ಏನೋ. ಎಲ್ಲದರಲ್ಲೂ ಒಂದೇ ಮಾತು, ಇಂಗ್ಲಿಷ್. ನಂಬಿಬಿಟ್ಟೆ. ತಿಂಗಳಿಗೆ 5 ಸಾವಿರ ಕೊಟ್ಟು ಇಂಗ್ಲಿಷ್ ಮಾತಾಡಿಸಲು ಒಬ್ಬ ಹುಡುಗಿಯನ್ನು ಇಟ್ಟೆವು. ನಾಲ್ಕು ತಿಂಗಳಾದರೂ ಟಿಸಿ ತಗೊಂಡು ಹೋದವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಪಾಪ, ಆ ಹುಡುಗಿಯ ತಪ್ಪೇನಿಲ್ಲ.

ಆಮೇಲೆ ಹೊಳೆಯಿತು. ಇರುವವರನ್ನು ಕೇಳಿದ್ದು ಸಾಕು, ಬಿಟ್ಟು ಹೋದವರನ್ನು ಕೇಳಬೇಕು. ‘ಏನು ಬೇಕು’ ಅಂತಲ್ಲ, ‘ಯಾವತ್ತು ಸಿಟ್ಟು ಬಂತು’ ಅಂತ. ಸಂಜೆ ಏಳರ ಮೇಲೆ, ಟಿಸಿ ತಗೊಂಡ ಹದಿನಾಲ್ಕು ಮನೆಗೂ ನಡೆದೇ ಹೋದೆ. ನಮ್ಮ ಕಮಿಟಿಯವರೇ ನಕ್ಕರು.

ಮೂರನೇ ಮನೆಯಲ್ಲಿ ಒಬ್ಬರು ಅಜ್ಜಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಮೊಮ್ಮಗಳ ಹಳೇ ಬ್ಯಾಗು ಮೊಳೆಗೆ ನೇತು ಹಾಕಿತ್ತು. ಅದನ್ನು ತೆಗೆದು ನನ್ನೆದುರೇ ತಲೆಕೆಳಗು ಮಾಡಿ ಕೊಡವಿದರು. ಒಂದು ಸ್ಲೇಟು ಬಳಪ ಬಿತ್ತು, ಅಷ್ಟೇ. ‘ಎರಡು ವರ್ಷ ಓದ್ತು ಅಂತೀರಿ. ಎಲ್ಲಿ, ತೋರ್ಸಿ?’ ಆಡುತ್ತಾ ಕಲಿಸುವ ನಲಿಕಲಿ ಪದ್ಧತಿಯ ಕಾರ್ಡು, ಕಲಿಕೆಯ ಮೆಟ್ಟಿಲು ತೋರಿಸುವ ಕಲಿಕಾ ಏಣಿ, ಮಗು ಎಲ್ಲಿಗೆ ಮುಟ್ಟಿದೆ ಅಂತ ಹೇಳುವ ಪ್ರಗತಿನೋಟ ಎಲ್ಲ ಶಾಲೆಯ ಗೋಡೆಯಲ್ಲೇ ಇರುತ್ತವೆ ಅಲ್ವಾ. ಇದು ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ಪದ್ಧತಿ ಅಂತ ಮೇಷ್ಟ್ರು ವಿವರಿಸಿದರೆ ಆ ಅಜ್ಜಿಗೇನು? ಮಗು ಕಲಿತದ್ದು ಮನೆಗೆ ಕಾಣುತ್ತಿರಲಿಲ್ಲ. ಹದಿನಾಲ್ಕರಲ್ಲಿ ಎಂಟು ಮನೆಯ ಸಿಟ್ಟು ಇದೇ. ಉಳಿದವರಲ್ಲಿ ಹೆಚ್ಚಿನವರಿಗೆ ತೋಟದ ಮನೆಯಿಂದ ಮಗು ಒಂಟಿಯಾಗಿ ನಡೆಯಬೇಕಲ್ಲ ಎಂಬ ಭಯ. ಇಂಗ್ಲಿಷ್ ಎಂದವರು ಇಬ್ಬರೇ.

ಶನಿವಾರ ಶನಿವಾರ ಪ್ರತಿ ಮಗುವಿನ ಕೈಗೆ ಒಂದು ತೆಳು ನೋಟ್‌ಬುಕ್ ಕೊಟ್ಟು ಕಳಿಸಲು ಶುರು ಮಾಡಿದೆವು. ಅದರಲ್ಲಿ ಐದು ಸಾಲು. ಮಗು ಮನೆಯಲ್ಲಿ ಯಾರಿಗಾದರೂ ಅದನ್ನು ಓದಿ ಹೇಳಬೇಕು, ಕೇಳಿದವರು ಸಹಿ ಹಾಕಬೇಕು, ಇಲ್ಲವೇ ಹೆಬ್ಬೆಟ್ಟು. ಟೀಚರ್ ಮೊದಲು ಗೊಣಗಿದರು. ವರ್ಷಕ್ಕೆ ನೋಟ್‌ಬುಕ್ ಖರ್ಚು 600 ರೂಪಾಯಿ ದಾಟಲಿಲ್ಲ. 40 ಸಾವಿರದ ರೈಲು ಮಾಡದ್ದನ್ನು ಇದು ಮಾಡಿತು. ಐದು ಸಾಲಿನಲ್ಲಿ ಏನು ಬರೆಯುತ್ತೇವೆ ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದನ್ನು ಇಲ್ಲಿ ಹೇಳಲ್ಲ, ಶಾಲೆಗೆ ಬಂದು ನೋಡಿ.

ತೋಟದ ಮನೆಗಳಿಗೆ ಆಟೊ ಗೊತ್ತು ಮಾಡಿದೆವು. 11 ಮಕ್ಕಳು, ತಿಂಗಳಿಗೆ 6 ಸಾವಿರ. ಪೋಷಕರು ತಲಾ 300 ಕೊಡುತ್ತಾರೆ, ಕಡಿಮೆ ಬೀಳುವ 2,700 ಹಳೆ ವಿದ್ಯಾರ್ಥಿಗಳದ್ದು. ಆಟೊದವನನ್ನು ಆ ರೇಟಿಗೆ ಹೇಗೆ ಒಪ್ಪಿಸಿದೆ ಅನ್ನೋದೂ ನನ್ನಲ್ಲೇ ಇರಲಿ.

ಮಧ್ಯೆ ವಾಟ್ಸಾಪ್ ಹುಚ್ಚೂ ಹಿಡಿದಿತ್ತು. ಟೀಚರ್ ದಿನಾ ಅರ್ಧ ನಿಮಿಷದ ಧ್ವನಿ ಸಂದೇಶ ಹಾಕುವುದು ಅಂತ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಗುಡ್ ಮಾರ್ನಿಂಗ್ ಹೂಗುಚ್ಛ, ಮೆಣಸಿನಕಾಯಿ ರೇಟು, ಚುನಾವಣೆ. ಮುಚ್ಚಿಬಿಟ್ಟೆ.

ಸಭೆಯ ವಿಷಯ ಒಂದಿದೆ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಕಮಿಟಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಇರಬೇಕು. ನಮ್ಮಲ್ಲೂ ಇದ್ದರು, ಪುಸ್ತಕದಲ್ಲಿ. ಹನ್ನೊಂದು ಗಂಟೆಗೆ ಸಭೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಹೆಂಡತಿಯ ಸಹಿ ಗಂಡ ಹಾಕಿ ಹೋಗುತ್ತಿದ್ದ. ಈಗ ಸ್ತ್ರೀಶಕ್ತಿ ಸಂಘದವರು ಸೇರುವ ಸಂಜೆಯೇ ಅಂಗನವಾಡಿಯಲ್ಲಿ ನಮ್ಮದೂ ಸಭೆ. ಮೊದಲ ಸಲ ಅಲ್ಲಿ ಬೈಗುಳ ತಿಂದದ್ದು ನಾನೇ, ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ. ಮೂರು ವರ್ಷದ ನಡಾವಳಿ ಪುಸ್ತಕದಲ್ಲಿ ಒಂದು ಸಲವೂ ಬಾರದ ವಿಷಯ! ಮಾರನೇ ದಿನವೇ ಬೀಗ ತೆಗೆಸಿದೆ.

ಆ ಅಜ್ಜಿಯ ಮೊಮ್ಮಗಳು ಈಗ ನಮ್ಮಲ್ಲೇ ಐದನೇ ಕ್ಲಾಸು. ಅವಳ ನೋಟ್‌ಬುಕ್ ತುಂಬಾ ನೀಲಿ ಹೆಬ್ಬೆಟ್ಟು. ಕೊನೆಯ ಒಂದು ಪುಟದಲ್ಲಿ ಮಾತ್ರ ಹೆಬ್ಬೆಟ್ಟಿನ ಪಕ್ಕ ಸೊಟ್ಟಗೆ ಎರಡು ಅಕ್ಷರವಿದೆ. ಯಾರು ಬರೆದದ್ದು ಅಂತ ಕೇಳಿದೆ. ‘ಅಜ್ಜಿ, ನಾನ್ ಕೈ ಹಿಡ್ಕೊಂಡಿದ್ದೆ’ ಅಂದಳು.