ಕೇಕ್ ಇರಲಿ, ಸುತ್ತಲಿನ ಪ್ಯಾಕೆಟ್ ಬೇಡ

ಮಕ್ಕಳ ಹುಟ್ಟುಹಬ್ಬ ಅಂದರೆ ತಟ್ಟೆಯಲ್ಲಿ ಒಂದು ತುಂಡು ಕ್ರೀಮ್ ಕೇಕ್, ಒಂದು ಹಿಡಿ ಚಿಪ್ಸ್, ಒಂದು ಸಮೋಸ. ಪಕ್ಕದಲ್ಲಿ ಕೂಲ್‌ಡ್ರಿಂಕ್ಸ್. ಹೊರಡುವಾಗ ಕೈಗೆ ಚಾಕೊಲೇಟ್ ತುಂಬಿದ ಕವರ್. ಇಷ್ಟರಲ್ಲಿ ಎಲ್ಲರೂ ಬೈಯುವುದು ಕೇಕನ್ನು ಮಾತ್ರ. ಆದರೆ 200 ಮಿಲಿ ಲೀಟರ್ ಕೋಲಾದಲ್ಲೇ 20 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ. ಅಂದರೆ ನಾಲ್ಕೈದು ಚಮಚ. ದಿನದ ಆಹಾರದ ಶಕ್ತಿಯಲ್ಲಿ ಹೆಚ್ಚುವರಿ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದಾರು ವರ್ಷದ ಮಗುವಿಗೆ ಇದು ಇಡೀ ದಿನಕ್ಕೆ ಸುಮಾರು 34 ಗ್ರಾಂ. ಕೂಲ್‌ಡ್ರಿಂಕ್ಸೇ ಅರ್ಧಕ್ಕಿಂತ ಹೆಚ್ಚು ನುಂಗಿಬಿಟ್ಟರೆ ಕೇಕಿಗೆ ಉಳಿಯುವುದೆಷ್ಟು?

ಹಾಗಾಗಿ ಕೇಕ್ ಇರಲಿ. ಹುಟ್ಟುಹಬ್ಬದ ಮಗುವಿನ ಹಕ್ಕು ಅದು, ಅದರ ಜೊತೆ ಜಗಳ ಬೇಡ. ಬದಲಾಗಬೇಕಾದದ್ದು ಸುತ್ತಲಿನ ಪ್ಯಾಕೆಟ್‌ಗಳು. ಅವುಗಳ ಜಾಗಕ್ಕೆ ಬೇಕಾದ್ದೆಲ್ಲ ನಮ್ಮ ತುಮಕೂರು ಜಿಲ್ಲೆಯಲ್ಲೇ ಬೆಳೆಯುತ್ತದೆ. ತಿಪಟೂರಿನ ಕೊಬ್ಬರಿ, ಪಾವಗಡ, ಶಿರಾ ಕಡೆಯ ಕಡ್ಲೆಕಾಯಿ, ಎಲ್ಲ ಕಡೆಯ ರಾಗಿ. ಮಂಡಿಪೇಟೆಗೆ ಒಂದು ಸಲ ಹೋಗಿ ಬಂದರೆ ಮುಕ್ಕಾಲು ಸಾಮಾನು ಸಿಕ್ಕಂತೆ. ಕೆಳಗಿನ ಲೆಕ್ಕವೆಲ್ಲ ಇಪ್ಪತ್ತು ಮಕ್ಕಳಿಗೆ.

ಕರೆಯುವಾಗಲೇ ಒಂದು ಪ್ರಶ್ನೆ

ಮಕ್ಕಳನ್ನು ಕರೆಯಲು ಫೋನ್ ಮಾಡಿದಾಗಲೇ ಕೇಳಿಬಿಡಿ: "ಕಡ್ಲೆಬೀಜ, ಹಾಲು, ಗೋಧಿ ಏನಾದ್ರೂ ಆಗಲ್ವಾ ನಿಮ್ಮ ಮಗೂಗೆ?" ಕಡ್ಲೆಬೀಜದ ಅಲರ್ಜಿ ಕೆಲವು ಮಕ್ಕಳಿಗೆ ಪ್ರಾಣಕ್ಕೇ ಕುತ್ತು ತರಬಹುದು. ಅಂಥ ಮಗು ಬರುವುದಿದ್ದರೆ ಆ ದಿನ ಮನೆಯಲ್ಲಿ ಕಡ್ಲೆಬೀಜ ಹುರಿಯುವುದೇ ಬೇಡ. ಹುರಿಗಡಲೆ ಹಾಕಿದರಾಯಿತು.

ಹಿಂದಿನ ದಿನ: ಹುರಿಹಿಟ್ಟಿನ ಉಂಡೆ

ರಾಗಿ ಹುರಿಹಿಟ್ಟು ಅಂಗಡಿಯಲ್ಲೇ ಸಿಗುತ್ತದೆ. ರಾಗಿಯನ್ನು ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಮತ್ತೆ ಬೇಯಿಸಬೇಕಿಲ್ಲ. ಕೊಳ್ಳುವಾಗ ಮೂಸಿ ನೋಡಿ. ಹುರಿದ ಘಮ ಬರಬೇಕು, ಮುಗ್ಗಲು ವಾಸನೆ ಬಂದರೆ ಬೇಡ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದೆ. ನಾವು ದಿನಾ ತಿನ್ನುವ ಧಾನ್ಯಗಳಲ್ಲಿ ಬೇರೆ ಯಾವುದರಲ್ಲೂ ಇಷ್ಟಿಲ್ಲ.

ಎರಡು ಲೋಟ ಹುರಿಹಿಟ್ಟು, ಒಂದು ಲೋಟ ತುರಿದ ಒಣಕೊಬ್ಬರಿ, ಮುಕ್ಕಾಲು ಲೋಟ ಬೆಲ್ಲದ ಪುಡಿ, ಎರಡು ಏಲಕ್ಕಿ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ತುರಿಯಿರಿ, ಉಂಡೆ ನುಣ್ಣಗೆ ಬರುತ್ತದೆ. ಎಲ್ಲವನ್ನೂ ಅಗಲವಾದ ತಟ್ಟೆಯಲ್ಲಿ ಕೈಯಿಂದ ಉಜ್ಜಿ ಉಜ್ಜಿ ಕಲಸಿ. ಬೆಲ್ಲದ ಗಂಟು ಒಂದೂ ಉಳಿಯಬಾರದು. ಆಮೇಲೆ ತುಪ್ಪ ಬಿಸಿ ಮಾಡಿ ಒಂದೊಂದೇ ಚಮಚ ಹಾಕಿ. ಮುಷ್ಟಿಯಲ್ಲಿ ಒತ್ತಿದಾಗ ಹಿಟ್ಟು ಬೆರಳಚ್ಚು ಉಳಿಸಿಕೊಂಡು ನಿಂತರೆ ಸಾಕು. ತುಪ್ಪ ಸುರಿಯುತ್ತಾ ಹೋದರೆ ಉಂಡೆ ಜಿಡ್ಡಾಗುತ್ತದೆ, ಖರ್ಚೂ ಜಾಸ್ತಿ. ಹಾಲು ಹಾಕಿ ಕಟ್ಟಿದರೆ ಸುಲಭ, ಆದರೆ ಮಾರನೆಯ ದಿನಕ್ಕೆ ಇಡುವುದು ಕಷ್ಟ.

ನಿಂಬೆಹಣ್ಣಿಗಿಂತ ಚಿಕ್ಕದಾಗಿ ಕಟ್ಟಿದರೆ ಇಪ್ಪತ್ತೈದು ಉಂಡೆ ಆಗುತ್ತವೆ. ಕೊನೆಗೆ ಬಿಳಿ ಕೊಬ್ಬರಿ ತುರಿಯಲ್ಲಿ ಹೊರಳಿಸಿ. ನೋಡಲು ಬೇಕರಿಯ ಚಾಕೊಲೇಟ್ ಉಂಡೆಯೇ! "ಆಂಟಿ, ಇದು ಚಾಕೊಲೇಟಾ?" ಎಂದು ಕೇಳಿದರೆ ರಾಗಿ ಎಂದೇ ಹೇಳಿ. ಮೋಸ ಮಾಡಿ ತಿನ್ನಿಸಿದ್ದು ಮುಂದಿನ ಸಲ ನಡೆಯುವುದಿಲ್ಲ.

ಬೆಲ್ಲ ಹಾಕಿದೆವಲ್ಲ, ಎಷ್ಟಾದರೂ ತಿನ್ನಲಿ ಅನ್ನುವ ಮಾತೂ ಬೇಡ. ಬೆಲ್ಲವೂ ಬಹುಪಾಲು ಸಕ್ಕರೆಯೇ. ಇಲ್ಲಿ ಲಾಭ ಇರುವುದು ಅಳತೆಯಲ್ಲಿ. ಒಂದು ಉಂಡೆಗೆ ಬರುವುದು ಐದು ಗ್ರಾಂ ಬೆಲ್ಲ ಅಷ್ಟೇ.

ಕೇಕ್: ಚಿಕ್ಕದು, ಬಣ್ಣ ಇಲ್ಲದ್ದು

ಕೊಳ್ಳುವುದಾದರೆ ಎರಡು ಕೆ.ಜಿ. ಬೇಡ. ಒಂದು ಕೆ.ಜಿ.ಯನ್ನು ಇಪ್ಪತ್ತು ತುಂಡು ಮಾಡಿದರೆ ತಲೆಗೆ 50 ಗ್ರಾಂ ಬರುತ್ತದೆ, ಮಕ್ಕಳಿಗೆ ಧಾರಾಳ. ಕಡುಗೆಂಪು, ಕಡುನೀಲಿ ಬಣ್ಣದವನ್ನು ಬಿಟ್ಟುಬಿಡಿ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತ ಎಂದು ಬಂತು. ಕಾರಣ ಮಿತಿ ಮೀರಿದ ಕೃತಕ ಬಣ್ಣ. ಬೇಕರಿಯೆಲ್ಲ ಕೆಟ್ಟದ್ದು ಅಂತೇನಲ್ಲ, ಆದರೆ ಕ್ರೀಮಿನ ಹೂವು ಇಲ್ಲದ ಸಾದಾ ಸ್ಪಾಂಜ್ ಕೇಕ್ ಕೇಳಿದರೆ ಬೆಲೆಯೂ ಇಳಿಯುತ್ತದೆ.

ಮನೆಯಲ್ಲೇ ಮಾಡುವವರಿಗೆ ಓವನ್ ಬೇಕಿಲ್ಲ, ದೊಡ್ಡ ಕುಕ್ಕರ್ ಸಾಕು. ರಾಗಿ ಹಿಟ್ಟು ಒಂದು ಲೋಟ, ಗೋಧಿ ಹಿಟ್ಟು ಒಂದು ಲೋಟ, ಕೋಕೋ ಪುಡಿ ಎರಡು ದೊಡ್ಡ ಚಮಚ, ಬೇಕಿಂಗ್ ಪೌಡರ್ ಒಂದೂವರೆ ಚಿಕ್ಕ ಚಮಚ, ಅಡುಗೆ ಸೋಡಾ ಅರ್ಧ ಚಿಕ್ಕ ಚಮಚ. ಇವನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ ಒಂದು ಲೋಟ ಬೆಲ್ಲದ ಪುಡಿ, ಒಂದು ಲೋಟ ಮೊಸರು, ಅರ್ಧ ಲೋಟ ಎಣ್ಣೆ ಕದಡಿ. ಎರಡನ್ನೂ ಸೇರಿಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಬರುವಷ್ಟು ಹಾಲು ಹಾಕಿ. ಜಾಸ್ತಿ ತಿರುವಬೇಡಿ.

ಕುಕ್ಕರ್ ತಳಕ್ಕೆ ಒಂದು ಪದರ ಉಪ್ಪು ಅಥವಾ ಮರಳು, ಅದರ ಮೇಲೆ ಒಂದು ಸ್ಟ್ಯಾಂಡ್. ನೀರು ಬೇಡ. ಮುಚ್ಚಳದ ಗ್ಯಾಸ್ಕೆಟ್, ವಿಷಲ್ ಎರಡನ್ನೂ ಮರೆಯದೆ ತೆಗೆಯಿರಿ. ಹತ್ತು ನಿಮಿಷ ಕಾದ ಮೇಲೆ ಕೇಕ್ ಡಬ್ಬಿ ಇಟ್ಟು ಸಣ್ಣ ಉರಿಯಲ್ಲಿ 45ರಿಂದ 55 ನಿಮಿಷ ಬಿಡಿ. ಮಧ್ಯಕ್ಕೆ ಚುಚ್ಚಿದ ಚಾಕುವಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ. ಪೂರ್ತಿ ಆರಿದ ಮೇಲೇ ಕತ್ತರಿಸಿ, ಬಿಸಿಯಲ್ಲಿ ರಾಗಿ ಕೇಕ್ ಪುಡಿಪುಡಿ ಆಗುತ್ತದೆ. ಅಲಂಕಾರಕ್ಕೆ ಒಣಕೊಬ್ಬರಿ ತುರಿಗೆ ಒಂದು ಚಮಚ ಬೀಟ್‌ರೂಟ್ ರಸ ಹಾಕಿ ಉಜ್ಜಿದರೆ ಚೆಂದದ ಗುಲಾಬಿ ಬಣ್ಣ. ಕತ್ತರಿಸುವಾಗ ತ್ರಿಕೋನ ಮಾಡಬೇಡಿ, ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದಂತೆ ಕತ್ತರಿಸಿದರೆ ಇಪ್ಪತ್ತು ತುಂಡು ಆರಾಮಾಗಿ ಬರುತ್ತವೆ. ಒಂದೊಂದರಲ್ಲಿ ಸುಮಾರು ಎಂಟು ಗ್ರಾಂ ಬೆಲ್ಲ. ಉಂಡೆಯನ್ನೂ ಸೇರಿಸಿದರೆ ಹದಿಮೂರು. ಒಂದು ಲೋಟ ಕೋಲಾಗಿಂತ ಎಷ್ಟೋ ಕಡಿಮೆ ಅಲ್ವಾ?

ಹೊಟ್ಟೆ ತುಂಬಲು

ತಟ್ಟೆ ಇಡ್ಲಿಯ ಊರಿನಲ್ಲಿ ಸಮೋಸ ಯಾಕೆ? ಕ್ಯಾತ್ಸಂದ್ರದಿಂದಲೋ ಹತ್ತಿರದ ಹೋಟೆಲಿನಿಂದಲೋ ಹತ್ತು ತಟ್ಟೆ ಇಡ್ಲಿ ತಂದು ಒಂದೊಂದನ್ನು ನಾಲ್ಕು ಹೋಳು ಮಾಡಿ. ಮಗುವಿಗೆ ಎರಡು ಹೋಳು, ಮೇಲೆ ಖಾರ ಕಡಿಮೆ ಇರುವ ಕಾಯಿ ಚಟ್ನಿ. ಇಷ್ಟಕ್ಕೇ ಅರ್ಧ ಹೊಟ್ಟೆ ತುಂಬುತ್ತದೆ.

ಚಿಪ್ಸ್ ಜಾಗಕ್ಕೆ ಚುರುಮುರಿ. ಅರ್ಧ ಕೆ.ಜಿ. ಕಡ್ಲೆಪುರಿ ಸಾಕು, ಪುರಿ ತೂಕಕ್ಕಿಲ್ಲ, ನೋಡಲು ಒಂದು ಚೀಲ ಇರುತ್ತದೆ. ಬೆಳಿಗ್ಗೆಯೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಡಬ್ಬಿಗೆ ತುಂಬಿ. ಎರಡು ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ಮೆತ್ತಗೆ ಬಾಗಿದರೆ ಇನ್ನೂ ಹದ ಬಂದಿಲ್ಲ. ತುರಿದ ಕ್ಯಾರೆಟ್, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಈರುಳ್ಳಿ, ಕೊತ್ತಂಬರಿ ಸೊಪ್ಪು ಬೇರೆ ಬೇರೆ ಬಟ್ಟಲಲ್ಲಿರಲಿ. ಸೌತೆಕಾಯಿಯ ತಿರುಳು ತೆಗೆದುಬಿಡಿ, ನೀರು ಬಿಡುವುದು ಅದೇ. ಅಂತರಸನಹಳ್ಳಿ ಮಾರುಕಟ್ಟೆಗೆ ಬೆಳಿಗ್ಗೆ ಹೋಗುವ ಅಭ್ಯಾಸ ಇದ್ದವರಿಗೆ ಈ ತರಕಾರಿ ಇನ್ನೂ ಅಗ್ಗ. ಅರಿಶಿನ ಹಾಕಿದ ಎರಡು ಚಮಚ ಎಣ್ಣೆ, ಉಪ್ಪು, ನಿಂಬೆರಸ, ಒರಟಾಗಿ ಕುಟ್ಟಿದ ಕಡ್ಲೆಬೀಜ. ಕಲಸುವುದು ಮಾತ್ರ ಮಕ್ಕಳು ಕೂತ ಮೇಲೆ, ಐದೈದು ಜನಕ್ಕೆ ಒಂದು ಸಲದಂತೆ. ದೊಡ್ಡ ಮಕ್ಕಳಿಗೆ ತಾವೇ ಕಲಸಲು ಬಿಟ್ಟರೆ ಆಟವೂ ಆಯಿತು. ದೊನ್ನೆಯಲ್ಲಿ ಕೊಡಿ, ತಟ್ಟೆ ತೊಳೆಯುವ ಕೆಲಸ ಉಳಿಯಿತು.

ಕುಡಿಯಲು ಮಜ್ಜಿಗೆ. ಒಂದು ಲೀಟರ್ ಮೊಸರಿಗೆ ಎರಡು ಲೀಟರ್ ನೀರು, ಸ್ವಲ್ಪ ಶುಂಠಿ, ಕರಿಬೇವು, ಉಪ್ಪು. ಹಸಿಮೆಣಸಿನಕಾಯಿ ಬೇಡ. ಹಣ್ಣು ಆಯಾ ಕಾಲದ್ದು: ಬೇಸಿಗೆಯಲ್ಲಿ ಕಲ್ಲಂಗಡಿ, ಮಾವು, ಜೂನ್ ಹೊತ್ತಿಗೆ ಗುಬ್ಬಿ, ಚೇಳೂರು ಕಡೆಯ ಹಲಸು, ಉಳಿದಂತೆ ಸೀಬೆ, ಪರಂಗಿ.

ಐದು ವರ್ಷದೊಳಗಿನ ಮಕ್ಕಳಿದ್ದರೆ ಇಡೀ ಕಡ್ಲೆಬೀಜ, ಪಾಪ್‌ಕಾರ್ನ್ ಕೈಗೆ ಸಿಗದಂತೆ ನೋಡಿಕೊಳ್ಳಿ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ ಕೊಡಿ, ಅಡ್ಡಕ್ಕಲ್ಲ.

ಮೊದಲು ಊಟ, ಆಮೇಲೆ ಕೇಕ್

ಸಂಜೆ ಐದಕ್ಕೆ ಕರೆದಿರುತ್ತೀರಿ. ಯಾರೋ ಮಾವ ಬರಲಿ ಅಂತ ಕೇಕ್ ಏಳಾದರೂ ಕತ್ತರಿಸಿರುವುದಿಲ್ಲ. ಹಸಿದ ಮಕ್ಕಳು ಅಷ್ಟರಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಬಂದ ಕೂಡಲೇ ಇಡ್ಲಿ, ಚುರುಮುರಿ, ಮಜ್ಜಿಗೆ ಕೊಟ್ಟುಬಿಡಿ. ಹೊಟ್ಟೆ ತುಂಬಿದ ಮೇಲೆ ಒಂದು ಚಿಕ್ಕ ತುಂಡು ಕೇಕಿಗೇ ಖುಷಿಯಾಗುತ್ತಾರೆ.

ಕೈಗೆ ಕೊಡುವ ಕವರ್‌ನಲ್ಲಿ ಹುರಿಹಿಟ್ಟಿನ ಉಂಡೆ ಒಂದು, ಸಂಕ್ರಾಂತಿಯಲ್ಲಿ ಬೀರುವಂಥ ಕೊಬ್ಬರಿ, ಹುರಿಗಡಲೆ, ಎಳ್ಳಿನ ಮಿಶ್ರಣ ಒಂದು ಹಿಡಿ, ಒಂದು ಪೆನ್ಸಿಲ್. ಮಿಶ್ರಣಕ್ಕೆ ಬೆಲ್ಲದ ಅಚ್ಚು ಬೇಡ, ಉಂಡೆಯಲ್ಲೇ ಸಿಹಿ ಇದೆಯಲ್ಲ.

ಶಾಲೆಯಲ್ಲಿ ಹಂಚಲು ಚಾಕೊಲೇಟ್ ಬದಲು ಏಲಕ್ಕಿ ಬಾಳೆ ಕಳಿಸಬಹುದು. ಹಣ್ಣು ಚಿಕ್ಕದಿದ್ದರೆ ನಲವತ್ತು ಮಕ್ಕಳ ತರಗತಿಗೆ ಮೂರು ಕೆ.ಜಿ. ಹತ್ತಿರ ಬೇಕಾಗುತ್ತದೆ, ಅಂಗಡಿಯಲ್ಲೇ ಎಣಿಸಿ ತನ್ನಿ. ಹಿಂದಿನ ದಿನವೇ ಟೀಚರ್‌ಗೆ ಒಂದು ಮಾತು ಹೇಳಿ. ಸಿಪ್ಪೆ ಹಾಕಲು ಒಂದು ಚೀಲವನ್ನೂ ಮಗುವಿನ ಕೈಗೆ ಕೊಟ್ಟು ಕಳಿಸಿ.