ಜೀನುಗಳಿಂದ ಕೊಲೆಸ್ಟ್ರಾಲ್ ಅಂದಾಜು: ಗದಗ, ಹಾವೇರಿ ಸೀಮೆಯಲ್ಲಿ ನನ್ನ ಅನುಭವ

ಗದಗ ಮತ್ತು ಹಾವೇರಿ ಜಿಲ್ಲೆಗಳ ಹಳ್ಳಿಗಳಲ್ಲಿ ನಡೆದ ಆರೋಗ್ಯ ಶಿಬಿರಗಳಿಂದ ಬಂದ ಕೆಲವು ನೂರು ಜನರ ರಕ್ತಪರೀಕ್ಷೆಯ ವರದಿಗಳನ್ನೂ ಡಿಎನ್‌ಎ ಮಾಹಿತಿಯನ್ನೂ ಧಾರವಾಡದಲ್ಲಿ ಕುಳಿತು ಜೋಡಿಸಿದವನು ನಾನು. ನನ್ನದು ಸಂಖ್ಯಾಶಾಸ್ತ್ರದ ಓದು. ಒಬ್ಬರ ಡಿಎನ್‌ಎಯಲ್ಲಿರುವ ಸಣ್ಣ ವ್ಯತ್ಯಾಸಗಳನ್ನೆಲ್ಲ ಕೂಡಿಸಿ ಅವರ ಎಲ್‌ಡಿಎಲ್ ಕೊಲೆಸ್ಟ್ರಾಲ್ ('ಕೆಟ್ಟ' ಕೊಲೆಸ್ಟ್ರಾಲ್ ಎನ್ನುವುದು) ಎಷ್ಟಿರಬಹುದೆಂದು ಹೇಳುವ ಅಂಕವೊಂದನ್ನು ನಮ್ಮ ಭಾಗದ ಜನರಿಗೆ ಹೊಂದುವಂತೆ ಸಿದ್ಧಪಡಿಸುವುದು ನನ್ನ ಪಾಲಿಗೆ ಬಂದ ಕೆಲಸವಾಗಿತ್ತು.

ಅಂಕದ ಲೆಕ್ಕ ಸರಳವಾದದ್ದು. ಡಿಎನ್‌ಎಯ ಒಂದು ಸ್ಥಾನದಲ್ಲಿ ಎಲ್‌ಡಿಎಲ್ ಹೆಚ್ಚಿಸುವ ಅಕ್ಷರದ ಪ್ರತಿ ಒಬ್ಬರಲ್ಲಿ ಸೊನ್ನೆ, ಒಂದು ಅಥವಾ ಎರಡು ಇರುತ್ತದೆ. ಆ ಸಂಖ್ಯೆಯನ್ನು ಆ ಸ್ಥಾನದ ಪರಿಣಾಮದ ತೂಕದಿಂದ ಗುಣಿಸಿ ಎಲ್ಲ ಸ್ಥಾನಗಳ ಗುಣಲಬ್ಧಗಳನ್ನು ಕೂಡಿಸಬೇಕು. ತೂಕಗಳು ಮಾತ್ರ ಬಹಳ ದೊಡ್ಡ ಅಧ್ಯಯನಗಳಿಂದಲೇ ಬರಬೇಕು. ಜಾಗತಿಕ ಲಿಪಿಡ್ ತಳಿವಿಜ್ಞಾನ ಒಕ್ಕೂಟವು 2010ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿ ರಕ್ತದ ಕೊಬ್ಬಿಗೆ ಸಂಬಂಧಿಸಿದ 95 ಸ್ಥಾನಗಳನ್ನು ಗುರುತಿಸಿತ್ತು. 2021ರ ಹೊತ್ತಿಗೆ ಅದೇ ಒಕ್ಕೂಟದ ಅಧ್ಯಯನ ಸುಮಾರು 16.5 ಲಕ್ಷ ಜನರಿಗೆ ವಿಸ್ತರಿಸಿತ್ತು. ಅವರಲ್ಲಿ ದಕ್ಷಿಣ ಏಷ್ಯಾದವರೂ ಇದ್ದರಾದರೂ ಬಹುಪಾಲು ಜನ ಯುರೋಪ್ ಮೂಲದವರು. ಒಂದು ಜನಸಮೂಹದ ತೂಕ ಇನ್ನೊಂದಕ್ಕೆ ಏಕೆ ಪೂರ್ತಿ ಸಲ್ಲುವುದಿಲ್ಲ ಎಂಬುದಕ್ಕೆ ರಕ್ತದಿಂದ ಎಲ್‌ಡಿಎಲ್ ತೆಗೆಯುವುದನ್ನು ತಗ್ಗಿಸುವ ಪಿಸಿಎಸ್‌ಕೆ9 ಜೀನಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಆ ಜೀನಿನ ಕೆಲಸವನ್ನೇ ನಿಲ್ಲಿಸುವ ಎರಡು ವ್ಯತ್ಯಾಸಗಳು ಅಮೆರಿಕದ ಅಧ್ಯಯನವೊಂದರ ಕಪ್ಪು ಜನರಲ್ಲಿ ಶೇ. 2.6ರಷ್ಟು ಮಂದಿಯಲ್ಲಿದ್ದವು, ಅವರ ಎಲ್‌ಡಿಎಲ್ ಸರಾಸರಿ ಶೇ. 28ರಷ್ಟು ಕಡಿಮೆಯಿತ್ತು, ಯುರೋಪ್ ಮೂಲದವರಲ್ಲಿ ಅದೇ ವ್ಯತ್ಯಾಸಗಳು ತೀರ ಅಪರೂಪ.

ಡಿಎನ್‌ಎಗಿಂತ ಮೊದಲು ನನ್ನನ್ನು ಕಾಡಿದ್ದು ರಕ್ತದ ವರದಿಗಳೇ. ಅನೇಕ ಪ್ರಯೋಗಾಲಯಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ 'ಒಳ್ಳೆಯ' ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಅನ್ನೂ ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲನ್ನೂ ಕಳೆಯುವ 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಪಡೆಯುತ್ತವೆ. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದರೆ ಆ ಸೂತ್ರವನ್ನು ಬಳಸಬಾರದು. ಅದಕ್ಕಿಂತ ಕೆಳಗಿದ್ದರೂ ಟ್ರೈಗ್ಲಿಸರೈಡ್ ಏರಿದಂತೆಲ್ಲ ಎಲ್‌ಡಿಎಲ್ ನಿಜಕ್ಕಿಂತ ಕಡಿಮೆ ಕಾಣುತ್ತದೆ. ನಮ್ಮ ದೇಶದವರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವುದು ಸಾಮಾನ್ಯವಾದ್ದರಿಂದ ಈ ದೋಷ ಸಣ್ಣದಲ್ಲ. ನಸುಕಿನಲ್ಲೇ ಹೊಲಕ್ಕೆ ಹೋಗುವವರು ಸಕ್ಕರೆ ಹಾಕಿದ ಚಹಾ ಕುಡಿದೇ ಶಿಬಿರಕ್ಕೆ ಬರುತ್ತಿದ್ದರು, ಅದನ್ನು ಉಪವಾಸವೆಂದೇ ಹೇಳುತ್ತಿದ್ದರು. ಆದ್ದರಿಂದ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಸಿದೆವು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದವರ ಎಲ್‌ಡಿಎಲ್ ಅನ್ನು ಈ ಕ್ಷೇತ್ರದ ರೂಢಿಯಂತೆ 0.7ರಿಂದ ಭಾಗಿಸಿ, ಗುಳಿಗೆ ಇಲ್ಲದಿದ್ದರೆ ಎಷ್ಟಿರುತ್ತಿತ್ತೆಂದು ಸರಿಹೊಂದಿಸಿದೆ.

ನಂತರ ನಡೆದದ್ದು ನನ್ನದೇ ತಪ್ಪು. ಜನರನ್ನು ಲಾಟರಿಯಂತೆ ಎರಡು ಗುಂಪು ಮಾಡಿ, ಒಂದರಲ್ಲಿ ತೂಕಗಳನ್ನು ತಿದ್ದಿ, ಇನ್ನೊಂದರಲ್ಲಿ ಅಂಕವನ್ನು ಪರೀಕ್ಷಿಸಿದೆ. ಫಲಿತಾಂಶ ನಿರೀಕ್ಷೆಗಿಂತ ಬಹಳ ಚೆನ್ನಾಗಿ ಬಂದಿತು, ಎರಡು ದಿನ ಸಂತೋಷದಿಂದಲೇ ಇದ್ದೆ. ಆಮೇಲೆ ಪ್ರತಿ ಇಬ್ಬರ ನಡುವಿನ ರಕ್ತಸಂಬಂಧವನ್ನು ಡಿಎನ್‌ಎಯಿಂದಲೇ ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ನಮ್ಮ ಕಡೆ ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವುದೂ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದೂ ಹಿಂದಿನಿಂದ ನಡೆದುಬಂದ ಪದ್ಧತಿ. ಶಿಬಿರಕ್ಕೆ ಓಣಿಯ ಜನ ಕೂಡಿಯೇ ಬರುತ್ತಾರೆ. ಹೀಗಾಗಿ ಹೆಸರು, ಅಡ್ಡಹೆಸರು ಬೇರೆಯಾಗಿದ್ದರೂ ಒಂದೇ ಮನೆತನದವರು ಎರಡೂ ಗುಂಪುಗಳಲ್ಲಿ ಹಂಚಿಹೋಗಿದ್ದರು. ಅವರ ಜೀನುಗಳಷ್ಟೇ ಅಲ್ಲ, ಅಡುಗೆಮನೆಯೂ ಎಣ್ಣೆಯೂ ಒಂದೇ. ನನ್ನ ಅಂಕವು ಕುಟುಂಬವನ್ನು ಗುರುತು ಹಿಡಿಯುತ್ತಿತ್ತೇ ಹೊರತು ಕೊಲೆಸ್ಟ್ರಾಲನ್ನು ಅಂದಾಜಿಸುತ್ತಿರಲಿಲ್ಲ.

ಮನೆತನಗಳನ್ನು ಒಡೆಯದೆ ಇಡಿಯಾಗಿ ಒಂದೇ ಗುಂಪಿಗೆ ಸೇರಿಸಿ ಮತ್ತೆ ಲೆಕ್ಕ ಮಾಡಿದಾಗ ಅಂಕದ ಸಾಮರ್ಥ್ಯ ಕಣ್ಣಿಗೆ ಕಾಣುವಷ್ಟು ಕುಸಿಯಿತು. ಇನ್ನೂ ಎರಡು ಕಡೆ ತಿದ್ದಬೇಕಾಯಿತು. ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಸರಾಸರಿ ಎಂಟನೆಯ ಒಂದು ಭಾಗ ಡಿಎನ್‌ಎಯಲ್ಲಿ ತಂದೆಯಿಂದ ಬಂದ ಪ್ರತಿಯೂ ತಾಯಿಯಿಂದ ಬಂದ ಪ್ರತಿಯೂ ಒಂದೇ ಪೂರ್ವಜರದ್ದಾಗಿರುತ್ತದೆ. ಇದರಿಂದ ಹಾರ್ಡಿ-ವೈನ್‌ಬರ್ಗ್ ಸಮತೋಲ, ಅಂದರೆ ರಕ್ತಸಂಬಂಧವಿಲ್ಲದ ಮದುವೆಗಳಿದ್ದಾಗ ಒಂದು ಅಕ್ಷರದ ಸೊನ್ನೆ, ಒಂದು, ಎರಡು ಪ್ರತಿ ಇರುವವರ ನಿರೀಕ್ಷಿತ ಪ್ರಮಾಣ, ತಪ್ಪುತ್ತದೆ, ಮತ್ತು ಈ ಪ್ರಮಾಣವನ್ನು ನೋಡುವ ಸಾಮಾನ್ಯ ತಪಾಸಣೆಯನ್ನು ಕಣ್ಣು ಮುಚ್ಚಿ ಹಚ್ಚಿದರೆ ಸರಿಯಾಗಿ ಓದಿದ ಸ್ಥಾನಗಳನ್ನೇ ದೋಷವೆಂದು ಎಸೆದುಬಿಡುತ್ತೇವೆ. ಆ ತಪಾಸಣೆಯನ್ನು ಪರಸ್ಪರ ಸಂಬಂಧವಿಲ್ಲದವರ ಮೇಲೆ ಮಾತ್ರ ನಡೆಸಿದೆ. ಜನಸಮೂಹದ ಒಳಭೇದಗಳನ್ನು ತೋರಿಸುವ ಅಕ್ಷಗಳನ್ನೂ ಅವರಿಂದಲೇ ಪಡೆದು, ಉಳಿದವರನ್ನು ಅವುಗಳ ಮೇಲೆ ಗುರುತಿಸಿದೆ.

ಡಿಎನ್‌ಎ ಓದುವ ಚಿಪ್‌ನಲ್ಲಿ ಓದದ ಸ್ಥಾನಗಳನ್ನು ಅಕ್ಕಪಕ್ಕದ ಸ್ಥಾನಗಳಿಂದ ಊಹಿಸಿ ತುಂಬಲು ಆಧಾರವಾದ 1000 ಜೀನೋಮ್ಸ್ ಸಂಗ್ರಹದ 2,504 ಜನರಲ್ಲಿ ದಕ್ಷಿಣ ಏಷ್ಯಾದವರು 489. ಗುಜರಾತಿ, ಪಂಜಾಬಿ, ಬಂಗಾಳಿ, ತೆಲುಗು, ಶ್ರೀಲಂಕಾದ ತಮಿಳು ಎಂಬ ಐದು ಗುಂಪುಗಳಿವೆ. ಕನ್ನಡಿಗರ ಗುಂಪು ಇಲ್ಲ. ರಕ್ತದಲ್ಲಿ ಕೊಬ್ಬು ಸಾಗಿಸುವ ಪ್ರೋಟೀನೊಂದರ ಎಪಿಒಇ ಜೀನಿನ ಸಾಮಾನ್ಯ ರೂಪಗಳಂಥವು ಇದರಿಂದ ಕೆಡುವುದಿಲ್ಲ, ಆದರೆ ನಮ್ಮ ಒಂದೊಂದು ಸಮುದಾಯದೊಳಗೇ ಉಳಿದು ಬಂದಿರುವ ಅಪರೂಪದ ವ್ಯತ್ಯಾಸಗಳು ಕೈತಪ್ಪುತ್ತವೆ. ಕೊನೆಗೆ ಉಳಿದ ಅಂಕವು ಯಾರದು ಹೆಚ್ಚು, ಯಾರದು ಕಡಿಮೆ ಎಂಬ ಕ್ರಮವನ್ನು ತಕ್ಕಮಟ್ಟಿಗೆ ಹೇಳುತ್ತಿತ್ತು; ಎಷ್ಟು ಎಂಬುದನ್ನು ಹೇಳಲು ವಯಸ್ಸು, ಲಿಂಗಗಳೊಡನೆ ನಮ್ಮ ಜನರ ಸರಾಸರಿಗೇ ಮತ್ತೆ ಹೊಂದಿಸಬೇಕಾಯಿತು.

ಒಬ್ಬ ತಾಯಿಯ ವರದಿಯನ್ನು ಮಾತ್ರ ಯಾವ ಹೊಂದಾಣಿಕೆಯೂ ವಿವರಿಸಲಿಲ್ಲ. ಅಂಕ ಮಧ್ಯಮವಾಗಿತ್ತು, ಎಲ್‌ಡಿಎಲ್ ಬಹಳ ಮೇಲಿತ್ತು. ಶಿಬಿರದ ವೈದ್ಯರು ಅವರ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿದ್ದನ್ನು ತೋರಿಸಿದರು. ರಕ್ತದ ಎಲ್‌ಡಿಎಲ್ ಅನ್ನು ಹಿಡಿದು ಜೀವಕೋಶದೊಳಗೆ ಸೇರಿಸುವ ಗ್ರಾಹಕದ ಜೀನಿನಲ್ಲಿ ಒಂದೇ ದೊಡ್ಡ ದೋಷವಿದ್ದು ವಂಶದಲ್ಲಿ ಹರಿಯುವ ಕಾಯಿಲೆಯ ಲಕ್ಷಣವದು. ನೂರಾರು ಸಣ್ಣ ಪರಿಣಾಮಗಳನ್ನು ಕೂಡಿಸುವ ಅಂಕಕ್ಕೆ ಅದು ಕಾಣುವುದಿಲ್ಲ. ವಂಶದ ವಿಷಯ ಕೇಳಿದಾಗ ಅವರು, "ಮಗಳನ್ನ ನನ್ನ ತಮ್ಮಗ ಕೊಟ್ಟೇವ್ರಿ ಸರ. ಇದು ಮೊಮ್ಮಕ್ಕಳಿಗೂ ಬರತೈತೇನ್ರಿ?" ಎಂದರು. ಆ ದೋಷ ಅವರ ತಂದೆ ಅಥವಾ ತಾಯಿಯಿಂದ ಬಂದಿದ್ದರೆ ಮಗಳಲ್ಲಿಯೂ ತಮ್ಮನಲ್ಲಿಯೂ ಅದಿರುವ ಸಾಧ್ಯತೆ ಅರ್ಧರ್ಧ. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ಎರಡೂ ಕಡೆಯಿಂದ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅಂಥ ಮಗುವಿನ ಹೃದಯಕ್ಕೆ ಎಳವೆಯಲ್ಲೇ ಅಪಾಯ. ಇದನ್ನು ವೈದ್ಯರು ಮೆಲ್ಲಗೆ ಬಿಡಿಸಿ ಹೇಳಿದರು. ಮುಂದಿನ ಶಿಬಿರಕ್ಕೆ ಮಗಳು, ತಮ್ಮ, ಇಬ್ಬರು ಮೊಮ್ಮಕ್ಕಳು ಬಂದರು. ಎಲ್ಲರ ರಕ್ತ ತೆಗೆದು, ಐವರನ್ನೂ ಒಂದೇ ಮನೆತನದ ಸಂಖ್ಯೆಯಡಿ ಬರೆದುಕೊಂಡೆ.